ಕ್ಸೆನಾನ್ ಎಂ.ಆರ್.ಐ. ಸಂಶೋಧನಾ ಘಟಕಕ್ಕಾಗಿ ಮನವಿ ಪತ್ರ

ಗೆ,
ಮಾನ್ಯ ನಿರ್ದೇಶಕರು, ವೈದ್ಯಕೀಯ ಶಿಕ್ಷಣ ನಿರ್ದೇಶನಾಲಯ, ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಎಂಫಿಸಿಮಾ ರೋಗಿಗಳ ಶ್ವಾಸಕೋಶ ಪರೀಕ್ಷೆಗೆ ಮೈಸೂರಿನಲ್ಲಿ ಕ್ಸೆನಾನ್ ಎಂ.ಆರ್.ಐ. ಘಟಕ ಸ್ಥಾಪಿಸುವ ಕುರಿತು.

ಮಾನ್ಯರೇ,

ನಾಲ್ವಡಿ ಕೃಷ್ಣರಾಜ ಒಡೆಯರ್ ತಮ್ಮ ಸೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕ್ಷಯರೋಗ ಆಸ್ಪತ್ರೆ ನಮ್ಮ ಯಾದವಗಿರಿಗೆ ಸಮೀಪದ ಕೆ.ಆರ್.ಎಸ್. ರಸ್ತೆಯಲ್ಲಿದೆ. ಅಂದು ಮೈಸೂರು ಸಂಸ್ಥಾನವನ್ನು ಕಾಡಿದ್ದು ಕ್ಷಯ. ಇಂದು ಅದರ ಜೊತೆಗೆ ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯಾದ ಸಿ.ಒ.ಪಿ.ಡಿ. ಸೇರಿಕೊಂಡಿದೆ. 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ 1990ರಲ್ಲಿ 2.81 ಕೋಟಿಯಿದ್ದ ಈ ರೋಗಿಗಳ ಸಂಖ್ಯೆ 2016ಕ್ಕೆ 5.53 ಕೋಟಿಗೆ ಏರಿತು. ರೋಗದ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಾಯುಮಾಲಿನ್ಯದ್ದು, ತಂಬಾಕಿನದು ಸುಮಾರು ಕಾಲು ಭಾಗ. ಬೀಡಿ ಮುಟ್ಟದೆ, ಸೌದೆ ಒಲೆಯ ಮುಂದೆ ಬದುಕು ಸವೆಸಿದ ಹೆಂಗಸರೂ ಇದಕ್ಕೆ ತುತ್ತಾಗುತ್ತಿದ್ದಾರೆ.

ಈ ರೋಗದ ಒಂದು ರೂಪವಾದ ಎಂಫಿಸಿಮಾದಲ್ಲಿ ಗಾಳಿಗೂಡುಗಳ ಗೋಡೆಗಳು ನಾಶವಾಗುತ್ತವೆ. ಸ್ಪೈರೊಮೆಟ್ರಿ ಎರಡೂ ಶ್ವಾಸಕೋಶಗಳ ಒಟ್ಟು ಶಕ್ತಿಯನ್ನು ಅಳೆಯುತ್ತದೆಯೇ ಹೊರತು ಹಾನಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಸಿ.ಟಿ. ಸ್ಕ್ಯಾನ್ ಹಾನಿಯ ಜಾಗ ತೋರಿಸುತ್ತದೆ, ಆದರೆ ಪ್ರತಿ ಸಲವೂ ವಿಕಿರಣಕ್ಕೆ ಮೈಯೊಡ್ಡಬೇಕು. ಸಾಮಾನ್ಯ ಎಂ.ಆರ್.ಐ. ನೀರಿನಂಶದ ಸಂಕೇತವನ್ನು ಹಿಡಿಯುವುದರಿಂದ ಗಾಳಿ ತುಂಬಿದ ಶ್ವಾಸಕೋಶ ಅದರಲ್ಲಿ ಹೆಚ್ಚುಕಡಿಮೆ ಕಪ್ಪಾಗಿಯೇ ಕಾಣುತ್ತದೆ. ಕ್ಸೆನಾನ್ ಎಂ.ಆರ್.ಐ.ಯಲ್ಲಿ ಹಾಗಲ್ಲ: ಲೇಸರ್ ಬೆಳಕು ಮತ್ತು ರುಬಿಡಿಯಂ ಆವಿಯ ನೆರವಿನಿಂದ ಕ್ಸೆನಾನ್-129 ಅನಿಲದ ಸಂಕೇತವನ್ನು ಸಾವಿರಾರು ಪಟ್ಟು ಹೆಚ್ಚಿಸಬಹುದು. ರೋಗಿ ಅದನ್ನು ಎಳೆದುಕೊಂಡು ಸುಮಾರು ಹತ್ತು ಸೆಕೆಂಡು ಉಸಿರು ಹಿಡಿದರೆ ಗಾಳಿ ಎಲ್ಲಿಗೆ ತಲುಪಿತು, ಎಲ್ಲಿಗೆ ತಲುಪಲಿಲ್ಲ ಎಂಬುದು ಚಿತ್ರದಲ್ಲಿ ಮೂಡುತ್ತದೆ. ಗೋಡೆ ಕಳೆದುಕೊಂಡ ಗೂಡುಗಳಲ್ಲಿ ಅನಿಲದ ಪರಮಾಣುಗಳು ಹೆಚ್ಚು ದೂರ ಅಲೆದಾಡುವುದರಿಂದ ಹಾನಿಯ ಪ್ರಮಾಣವನ್ನೂ ಅಳೆಯಬಹುದು. ರಕ್ತಕ್ಕೆ ಸೇರುವ ಅನಿಲದ ಸಂಕೇತವೂ ಸಿಗುತ್ತದೆಂಬುದು ನಮ್ಮ ದೃಷ್ಟಿಯಲ್ಲಿ ಇದರ ದೊಡ್ಡ ಲಾಭ.

ವಾಸಿಯಾಗದ ರೋಗಕ್ಕೆ ಇಷ್ಟು ಸೂಕ್ಷ್ಮ ಪರೀಕ್ಷೆ ಏಕೆ ಎಂಬ ಪ್ರಶ್ನೆ ಏಳಬಹುದು. ಚಿಕಿತ್ಸೆಯ ಆಯ್ಕೆ ಹಾನಿಯ ಜಾಗವನ್ನೇ ಅವಲಂಬಿಸಿದೆ. ಅಮೆರಿಕದಲ್ಲಿ 1,218 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೇಲ್ಭಾಗದಲ್ಲೇ ಹೆಚ್ಚು ಹಾನಿಯಿದ್ದು ವ್ಯಾಯಾಮದ ಶಕ್ತಿ ಕುಂದಿದ್ದವರಿಗೆ ಶ್ವಾಸಕೋಶ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಆಯುಷ್ಯ ಹೆಚ್ಚಿಸಿತು. ತಪ್ಪು ಆಯ್ಕೆಯಾದವರಲ್ಲಿ ಅದೇ ಶಸ್ತ್ರಚಿಕಿತ್ಸೆ ಸಾವಿನ ಅಪಾಯವನ್ನು ಹೆಚ್ಚಿಸಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ. 2022ರ ಡಿಸೆಂಬರಿನಲ್ಲಿ ಕ್ಸೆನಾನ್‌ಗೆ ಕೊಟ್ಟ ಅನುಮತಿ ಗಾಳಿಯ ಹರಿವನ್ನು ನೋಡುವುದಕ್ಕಷ್ಟೇ ಎಂಬುದು ನಿಜ. ಆದ್ದರಿಂದಲೇ ನಾವು ಕೇಳುತ್ತಿರುವುದು ಸಂಶೋಧನಾ ಘಟಕವನ್ನು. ಅನಿಲದಿಂದ ಕೆಲ ಕ್ಷಣ ತಲೆಸುತ್ತು ಬರಬಹುದು, ಆಮ್ಲಜನಕದ ಮಟ್ಟ ತುಸು ಇಳಿಯಬಹುದು. ವೈದ್ಯರು ಪಕ್ಕದಲ್ಲೇ ಇರಬೇಕಾಗುತ್ತದೆ. ವೆಚ್ಚದ ಆಕ್ಷೇಪಣೆ ಇವೆಲ್ಲಕ್ಕಿಂತ ಗಂಭೀರವಾದುದು. ತಾಲ್ಲೂಕು ಆಸ್ಪತ್ರೆಗಳ ಸ್ಪೈರೊಮೀಟರ್ ಹಣವನ್ನು ಕಡಿತಗೊಳಿಸಿ ಈ ಘಟಕ ಕಟ್ಟುವುದಾದರೆ ನಾವೇ ವಿರೋಧಿಸುತ್ತೇವೆ. ಆದರೆ ಇಡೀ ರಾಜ್ಯಕ್ಕೆ ಒಂದೇ ಘಟಕ ಸಾಕು. ಬೇಕಾಗುವುದು ಅನಿಲ ಸಿದ್ಧಪಡಿಸುವ ಯಂತ್ರ, ಎದೆಗೆ ಕಟ್ಟುವ ಕಾಯಿಲ್ ಮತ್ತು ಕ್ಸೆನಾನ್ ಸಂಕೇತ ಗ್ರಹಿಸಬಲ್ಲ ಸ್ಕ್ಯಾನರ್.

ಆದುದರಿಂದ 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಮಹಾವಿದ್ಯಾಲಯದ ಆಶ್ರಯದಲ್ಲಿ ಈ ಘಟಕದ ಸಾಧ್ಯತಾ ವರದಿಯನ್ನು ಆರು ತಿಂಗಳೊಳಗೆ ಸಿದ್ಧಪಡಿಸಬೇಕು, ಸಂಶೋಧನೆಗೆ ನೈತಿಕ ಸಮಿತಿ ಹಾಗೂ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಕೋರಬೇಕು, ಬಿ.ಪಿ.ಎಲ್. ಕುಟುಂಬದ ರೋಗಿಗಳಿಗೆ ಪರೀಕ್ಷೆ ಉಚಿತವಾಗಿರಬೇಕು ಮತ್ತು ಈ ಮನವಿಯ ಮೇಲೆ ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕು ಎಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಯಾದವಗಿರಿಯ ನಿವಾಸಿಗಳು, ಮೈಸೂರು