ಹೆಸರಿಗೆ ಸಮುದ್ರ, ನೀರು ಸಿಹಿ: ದೋಣಿಗೆ ಯಾವ ಲೋಹದ ಕಾವಲು?

ಹಳೇಬೀಡಿನ ಕೆರೆಗೆ ದ್ವಾರಸಮುದ್ರ ಎಂದು ಹೆಸರು. ಹೆಸರಿಗೆ ಸಮುದ್ರ, ಆದರೆ ನೀರು ಸಿಹಿ. ಇಷ್ಟು ಸಣ್ಣ ವಿಷಯ ಮರೆತರೆ ಸಾರ್ವಜನಿಕರ ದುಡ್ಡು ನೀರಲ್ಲಿ ಕರಗುತ್ತದೆ. ಅದು ಹೇಗೆ ಅಂತೀರಾ?

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಪ್ರವಾಸಿಗರು ಬರುವ ಊರು ಅಂದ ಮೇಲೆ ದೋಣಿ ವಿಹಾರದ ಮಾತು ಬಂದೇ ಬರುತ್ತದೆ. ಬೇಲೂರಿನ ಯಗಚಿ ಜಲಾಶಯದಲ್ಲಿ ಯಂತ್ರದೋಣಿ ಓಡಿದ್ದನ್ನು ಕಂಡವರು ಬಹಳ ಮಂದಿ. ದೋಣಿ ಕೊಳ್ಳುವುದು ಸುಲಭ, ಟೇಪು ಕತ್ತರಿಸುವವರಿಗೂ ಬರವಿಲ್ಲ. ಆಮೇಲೆ ನೀರೊಳಗಿನ ಭಾಗವನ್ನು ನೋಡುವವರು ಯಾರು?

ಎಂಜಿನ್ನಿನ ಕಾಲು ಅಲ್ಯೂಮಿನಿಯಂ, ಅದರೊಳಗಿನ ದಂಡ ಉಕ್ಕು. ಎರಡು ಲೋಹ ಒಂದಕ್ಕೊಂದು ತಾಗಿಕೊಂಡು ನೀರಲ್ಲಿ ನಿಂತರೆ ಅದೇ ಒಂದು ಬ್ಯಾಟರಿ. ಅದರಲ್ಲಿ ಬಡಪಾಯಿ ಲೋಹ ಸವೆಯುತ್ತದೆ. ಅದಕ್ಕೇ ಇನ್ನೂ ಬಡಪಾಯಿಯಾದ ಒಂದು ತುಂಡನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಅದರ ಹೆಸರು ಆನೋಡ್, ಕೆಲಸ ಬಲಿಯಾಗುವುದು. ತಾನು ಸವೆದು ಎಂಜಿನ್ ಉಳಿಸುತ್ತದೆ. ಜಿ.ಐ. ಬಕೆಟ್ಟಿನ ಮೇಲಿನ ಸತುವು ಕಬ್ಬಿಣವನ್ನು ಕಾಯುವುದೂ ಹೀಗೆಯೇ. ಇದು ಹೊಸ ವಿದ್ಯೆಯಲ್ಲ. 1824ರಲ್ಲೇ ಇಂಗ್ಲೆಂಡಿನ ಹಂಫ್ರಿ ಡೇವಿ ಹಡಗಿನ ತಾಮ್ರದ ತಗಡು ಉಳಿಸಲು ಇದನ್ನು ಪ್ರಯೋಗಿಸಿದ್ದ.

ಮೋಸ ಹೋಗುವುದು ಇಲ್ಲೇ. ಮಲ್ಪೆಯಂಥ ಕಡಲೂರಿನ ಉಪ್ಪುನೀರಿಗೆ ಸತುವಿನ ತುಂಡು ಸರಿ. ಅದನ್ನೇ ತಂದು ಕೆರೆಯ ದೋಣಿಗೆ ಹಾಕಿದರೆ ಮೇಲೆ ಬಿಳಿ ಪೊರೆ ಕಟ್ಟಿ ಸುಮ್ಮನೆ ಕೂರುತ್ತದೆ. "ನೋಡಿ, ಒಂದು ಚೂರೂ ಸವೆದಿಲ್ಲ, ಗಟ್ಟಿ ಮಾಲು" ಎಂದು ನಾವು ಬೀಗುತ್ತಿದ್ದರೆ ಅತ್ತ ಎಂಜಿನ್ನೇ ಸವೆಯುತ್ತಿರುತ್ತದೆ. ಸಿಹಿನೀರಿಗೆ ಬೇಕಾದ್ದು ಮ್ಯಾಗ್ನೀಸಿಯಂ. ಅದನ್ನು ಸಮುದ್ರಕ್ಕೆ ಒಯ್ದರೆ ಬೇಗನೆ ಕರಗಿಹೋಗುತ್ತದೆ. ಆಯಾ ನೀರಿಗೆ ಆಯಾ ಲೋಹ.

ಬದಲಾಯಿಸುವುದು ಬ್ರಹ್ಮವಿದ್ಯೆಯೇನಲ್ಲ. ತುಂಡು ಅರ್ಧ ಸವೆಯಿತೆಂದರೆ ತೆಗೆಯಬೇಕು. ಕೂರುವ ಜಾಗವನ್ನು ಲೋಹ ಹೊಳೆಯುವಂತೆ ಉಜ್ಜಿ ಹೊಸದನ್ನು ಬಿಗಿಯಬೇಕು. ಅಂದವಾಗಿ ಕಾಣಲೆಂದು ಅದರ ಮೇಲೆ ಬಣ್ಣ ಬಳಿಯಕೂಡದು. ಬಳಿದರೆ ಅದು ಇದ್ದೂ ಇಲ್ಲದ ಹಾಗೆ.

ದೋಣಿ ನಮಗೇಕೆ ಎನ್ನುವ ಅಂಗಡಿಯವರೂ ಲಾಡ್ಜಿನವರೂ ತಮ್ಮ ಗೀಸರ್ ಬಿಚ್ಚಿಸಿ ನೋಡಲಿ. ನೀರು ತುಂಬಿಟ್ಟು ಕಾಯಿಸುವ ಹೆಚ್ಚಿನ ಗೀಸರ್‌ಗಳ ಉಕ್ಕಿನ ಟ್ಯಾಂಕಿನಲ್ಲೂ ಮ್ಯಾಗ್ನೀಸಿಯಂ ಕಡ್ಡಿ ಇರುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ವರ್ಷಕ್ಕೊಮ್ಮೆಯಾದರೂ ತೆಗೆಸಿ ನೋಡುವುದು ಒಳ್ಳೆಯದು. ಕಡ್ಡಿ ಮುಗಿದ ಮೇಲೆ ನೀರು ತಿನ್ನುವುದು ಟ್ಯಾಂಕನ್ನೇ.

ಇನ್ನು ಅಧಿಕಾರಿಗಳಿಗೆ ಒಂದು ಮಾತು. ದೋಣಿಗೆ ಟೆಂಡರ್ ಕರೆಯುವಾಗ "ಸಿಹಿನೀರಿನ ಆನೋಡ್, ಕಾಲಕಾಲಕ್ಕೆ ತಪಾಸಣೆ" ಎಂಬ ಒಂದು ಸಾಲು ಸೇರಿಸಿ. ಆ ತುಂಡಿನ ಬೆಲೆ ಎಂಜಿನ್ನಿನ ಬೆಲೆಯ ಮುಂದೆ ಪುಡಿಗಾಸು. ಬಲಿಯಾಗಬೇಕಾದ್ದು ಆ ತುಂಡು, ತೆರಿಗೆ ಕಟ್ಟುವವನ ಜೇಬಲ್ಲ.