ನಿದ್ದೆ ಗುಳಿಗೆಯಿಂದ ವಾಸಿಯಾಗದ ಕಾಯಿಲೆ



ಮರಳವಾಡಿ ಹೋಬಳಿಯ ಯಾವ ಸಂಘದ ಸಭೆಯಲ್ಲಿ ಕೂತರೂ ಈಗ ಒಂದೇ ಮಾತು. "ಟೆನ್ಷನ್ ಕಣಕ್ಕ, ನಿದ್ದೆ ಬರಲ್ಲ, ಎದೆ ಡವಡವ ಅಂತದೆ." ಮನೆಯವರು ಇದಕ್ಕೆ ಇಟ್ಟಿರುವ ಹೆಸರು ನರದ ವೀಕ್‌ನೆಸ್. ಕೊಡಿಸುವುದು ಒಂದು ಬಾಟಲಿ ಟಾನಿಕ್, ಇಲ್ಲವೇ ತಾಯಿತ. ಇಷ್ಟೊಂದು ಹೆಂಗಸರ ನರ ಒಟ್ಟಿಗೇ ಸೊರಗಲು ಕಾರಣವೇನೆಂದು ಯಾರಾದರೂ ಕೇಳಿದ್ದಾರೆಯೇ?

ಆಕೆಯ ಒಂದು ದಿನವನ್ನು ನೋಡಿ. ಕೋಳಿ ಕೂಗುವ ಮೊದಲೇ ಎದ್ದು ಅಡಿಗೆ, ದನದ ಕೆಲಸ, ಹುಳುವಿಗೆ ಸೊಪ್ಪು. ಆಮೇಲೆ ವ್ಯಾನು ಹತ್ತಿ ಹಾರೋಹಳ್ಳಿಯ ಫ್ಯಾಕ್ಟರಿಗೋ ಕನಕಪುರ ರಸ್ತೆಯ ಗಾರ್ಮೆಂಟ್ಸಿಗೋ ಓಟ. ಅಲ್ಲಿ ಗಂಟೆ ಗಂಟೆಗೂ ಪೀಸಿನ ಲೆಕ್ಕ. ಟಾರ್ಗೆಟ್ ಮುಟ್ಟದಿದ್ದರೆ ಸೂಪರ್‌ವೈಸರನ ಬೈಗುಳ. ಅದಕ್ಕೆ ಹೆದರಿ ನೀರು ಕುಡಿಯುವುದನ್ನೂ ಮೂತ್ರಕ್ಕೆ ಹೋಗುವುದನ್ನೂ ತಡೆದುಕೊಳ್ಳಬೇಕು. ಸಂಜೆ ಬಂದರೆ ಮತ್ತೆ ಒಲೆ. ನಾಲ್ಕನೇ ಜ್ವರ ಎದ್ದ ಹುಳು ಮನೆಯಲ್ಲಿದ್ದರೆ ರಾತ್ರಿಯೂ ಸೊಪ್ಪು ಹಾಕಬೇಕು.

ಇಷ್ಟೆಲ್ಲ ದುಡಿದ ಸಂಬಳ ಯಾರ ಕೈಗೆ? ಎ.ಟಿ.ಎಂ. ಕಾರ್ಡು ಗಂಡನ ಜೇಬಿನಲ್ಲಿ. "ನಿಮ್ಮಪ್ಪ ಉಳಿಸಿದ ಬಾಕಿ ತೀರಿತೇ?" ಎಂದು ಅತ್ತೆಯ ಕೊಂಕು. ಸಂಘದ ಸಾಲ ಆಕೆಯ ಹೆಸರಲ್ಲಿ, ಬೈಕು ಆತನ ಹೆಸರಲ್ಲಿ. ವರದಕ್ಷಿಣೆಯನ್ನು ಈಗ ತಿಂಗಳು ತಿಂಗಳೂ ಕಂತಿನಲ್ಲಿ ವಸೂಲು ಮಾಡಲಾಗುತ್ತಿದೆ. ಕೊಡದಿದ್ದರೆ ಹೊಡೆತ. ಸೋತು ಕೂತರೆ "ಹುಚ್ಚು ಹಿಡಿದಿದೆ" ಎಂದು ತವರಿಗೆ ಅಟ್ಟುವುದು.

"ಕೆಲಸ ಬಿಟ್ಟು ಮನೆಯಲ್ಲಿರಲಿ, ಸರಿಹೋಗ್ತಾಳೆ" ಎನ್ನುವವರಿದ್ದಾರೆ. ಇದನ್ನು ನಾವು ಒಪ್ಪಬಾರದು. ನಾಲ್ಕು ಗೋಡೆಯೊಳಗೆ ಕೂತರೆ ಹೊಡೆತ ನಿಲ್ಲುತ್ತದೆಯೇ? ಹೊರಗಿನ ದುಡಿಮೆ ಆಕೆಗೆ ಜೊತೆಗಾತಿಯರನ್ನು ಕೊಟ್ಟಿದೆ. ಪಿ.ಎಫ್. ಹಣ ಬಿಡಿಸಿಕೊಳ್ಳಲು ಅಡ್ಡಿಯಾದ ಹೊಸ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ಒಬ್ಬಳೇ ಮನೆಯಲ್ಲಿ ಅಳುತ್ತಾ ಕೂತಿದ್ದರೆ ಇದು ಆಗುತ್ತಿತ್ತೇ?

ಔಷಧಿ ಬೇಡವೆಂದು ನಮ್ಮ ವಾದವಲ್ಲ. ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋಗೋಣ. 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸ್‌ನವರು ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ. ಆದರೆ ಗುಳಿಗೆ ನುಂಗಿ ಅದೇ ಬೈಗುಳಕ್ಕೆ, ಅದೇ ಹೊಡೆತಕ್ಕೆ ಮರಳಿದರೆ ವಾಸಿಯಾಗುವುದು ಹೇಗೆ? ಮದುವೆಯಾದ ಮೇಲೆ ಕೇಳಿದ್ದೂ ವರದಕ್ಷಿಣೆಯೇ ಎನ್ನುತ್ತದೆ 1961ರ ವರದಕ್ಷಿಣೆ ನಿಷೇಧ ಕಾಯಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆ ಮನಸ್ಸಿಗೆ ಕೊಡುವ ಕಾಟವನ್ನೂ, ಆಕೆಯ ಹಣ ಆಕೆಗೆ ಸಿಗದಂತೆ ಮಾಡುವುದನ್ನೂ ಹಿಂಸೆಯೆಂದೇ ಎಣಿಸುತ್ತದೆ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆದ ಮೇಲೆ ಪ್ರತಿಯೊಬ್ಬಳನ್ನೂ ಎರಡು ಪ್ರಶ್ನೆ ಕೇಳೋಣ. ರಾತ್ರಿ ನಿದ್ದೆ ಬರುತ್ತಿದೆಯೇ? ನಿನ್ನ ಎ.ಟಿ.ಎಂ. ಕಾರ್ಡು ಯಾರ ಹತ್ತಿರ ಇದೆ? ಉತ್ತರ ಹೇಳಲಾಗದೆ ತಲೆ ತಗ್ಗಿಸಿದವಳ ಮನೆ ಬಾಗಿಲಿಗೆ ಇಡೀ ಸಂಘವೇ ಹೋಗಿ ನಿಲ್ಲೋಣ.