ಅಲ್ಲಿ ಕಲ್ಲಂದ್ರ ಸಫಾರಿ, ಇಲ್ಲಿ ಕಲ್ಲಂದ್ರ ಬೀಳು?

(1/4)
ದರೋಜಿ ಫೋಟೋ ಹಾಕಿದ ಮ್ಯಾಲ 17 ಮಂದಿ ಮೆಸೇಜ್ ಮಾಡಿದ್ರಿ: "ಲೇ, ಲಾಡ್ಜ್ ರೇಟ್ ಎಷ್ಟು?" ಕರಡಿ ಏನು ತಿಂತೈತಿ ಅಂತ ಒಬ್ಬರೂ ಕೇಳಲಿಲ್ಲ. ಅದಕ್ಕ ಈ ಪೋಸ್ಟ್. ಸಿಟ್ಟು ಬಂದ್ರ ಬರ್ಲಿ, ಪೂರ್ತಿ ಓದ್ರಿ.

(2/4)
ಅಣ್ಣಗ ಮೊದಲನೇ ಪಗಾರ ಆಗಿತ್ತು. ಹಂಪಿ ಕಡೆ ಒಂದು ಸಫಾರಿ ಲಾಡ್ಜಿನಾಗ ಒಂದು ರಾತ್ರಿ ಇದ್ವಿ. ಸುತ್ತ ಬರೇ ಬಂಡೆಗಲ್ಲು, ಮುಳ್ಳುಕಂಟಿ, ಬಿಸಿಲು. ಮಧ್ಯಾಹ್ನ ದರೋಜಿ ಕರಡಿಧಾಮದ ವಾಚ್‌ಟವರ್ ಹತ್ತಿದ್ವಿ. ಎದುರಿನ ಬಂಡೆಗೆ ಬೆಲ್ಲ-ಜೇನಿನ ಪಾಕ ಸವರಿರ್ತಾರ, ಕರಡಿ ಬಂದು ನೆಕ್ತಾವ. (ಅದು ನಮಗ ಕಾಣಲಿ ಅಂತ. ಅದರ ಖರೇ ಊಟ ಗೆದ್ದಲು, ಇರುವೆ, ಕಾಡಹಣ್ಣು.) ಒಂದು ತಾಯಿ ಬೆನ್ನ ಮ್ಯಾಲ ಮರಿ ಹೊತ್ಕೊಂಡು ಕಲ್ಲಿನ ಸಂದಿಯಿಂದ ಇಳಿದು ಬಂತು. ಟವರ್ ಮ್ಯಾಲ ಒಬ್ಬರೂ ಪಿಟ್ ಅನ್ನಲಿಲ್ಲ. ರಾತ್ರಿ ನನಗ ನಿದ್ದಿ ಹತ್ತಲಿಲ್ಲ, ಊರಿನ ಗುಡ್ಡಾನ ಕಣ್ಮುಂದ ಬರ್ತಿತ್ತು.

(3/4)
ನಮ್ಮ ಗಜೇಂದ್ರಗಡದಾಗೂ ಕಲ್ಲು, ಕಂಟಿ, ಬಿಸಿಲು ಐತಿ. ಅಲ್ಲಿ ಅದಕ್ಕ "ವೈಲ್ಡ್" ಅಂತ ಕ್ಯಾಪ್ಷನ್ ಹಾಕ್ತೀರಿ, ಇಲ್ಲಿ "ಏನೈತಿ ಮಾರಾಯ, ಬರೇ ಕಲ್ಲು" ಅಂತೀರಿ. ಕುರಿ ಕಾಯೋ ಕಾಕಾನ ಕೇಳ್ರಿ, ತೋಳ ಯಾವ ದಾರೀಲೆ ಬರ್ತೈತಿ ಅಂತ ಕೈ ಮಾಡಿ ತೋರಿಸ್ತಾರ. ಗುಡ್ಡದ ಮ್ಯಾಲ ಗಾಳಿಯಂತ್ರ ತಿರುಗೋದಷ್ಟ ನಮ್ಮ ರೀಲಿನಾಗ ಬರ್ತೈತಿ.

ಮತ್ತ ಕ್ಲಾಸ್ ಗ್ರೂಪಿನಾಗ ಪೋಲ್ ಬೇರೆ: "ನಮ್ಮ ಗುಡ್ಡದ ಮ್ಯಾಲೂ ರೆಸಾರ್ಟ್ ಬೇಕಾ?" ನನ್ನ ಓಟು "ಬ್ಯಾಡ". ದರೋಜಿಯನ್ನ 1994ರಾಗ ಕರಡಿಧಾಮ ಅಂತ ಘೋಷಿಸಿದ್ರು. ಕರಡಿಗೆ ಜಾಗ ಬಿಟ್ಟದ್ದಕ್ಕ ಜನ ನೋಡಾಕ ಬರ್ತಾರ, ಜನ ಬರೋದಕ್ಕ ರೂಮು ತುಂಬ್ತಾವ. ನಾವು ರೂಮಿನಿಂದ ಶುರು ಮಾಡಾಕ ಹೊಂಟೀವಿ. ಬಿಕಾಂ ಓದೋರು ನಾವು, ಮಾಲಿಲ್ಲದ ಅಂಗಡಿಗೆ ಬೋರ್ಡ್ ಬರಸ್ತೀವೇನು?

"ಹುಡುಗರಿಗೆ ಕೆಲಸ ಸಿಗ್ತಾವಲ್ಲ" ಅಂತೀರಿ. ಸಿಗ್ಲಿ, ನನಗೂ ಬೇಕು. ಆದ್ರ ಕುರಿ ಮೇಯೋ ಜಾಗಕ್ಕ ತಂತಿಬೇಲಿ ಬಿದ್ರ ಕಾಕಾನ ಕೆಲಸ ಹೋಗ್ತೈತಿ. ಅದನ್ನ ಡೆಬಿಟ್ಟಿನಾಗ ಬರೀತೀರೋ, ಇಲ್ಲಾ ಬರಿಯೋದ ಇಲ್ಲೋ?

(4/4)
ರೋಣ, ನರಗುಂದ ಕಡೆಯವರೂ ಕೇಳ್ರಿ. ಬರೋ ರವಿವಾರ ಮುಂಜಾನೆ 6ಕ್ಕ ಕಾಲಕಾಲೇಶ್ವರ ಗುಡಿ ಮೆಟ್ಟಿಲ ಹತ್ರ ಇರ್ತೀನಿ. ಕಾಕಾನೂ ಬರ್ತಾರ, ಹೆಜ್ಜೆಗುರುತು ತೋರಿಸ್ತೀನಿ ಅಂದಾರ. ಫ್ರೀ. ಸ್ಪೀಕರ್ ತರಬ್ಯಾಡ್ರಿ. ಗೋಣಿಚೀಲ ತರ್ರಿ, ಹೋದ ಬರ್ತ್‌ಡೇ ಪಾರ್ಟಿಯೊಳಗ ನಾವ ಒಗೆದ ಬಾಟ್ಲಿ ಇನ್ನೂ ಅಲ್ಲೇ ಅದಾವ.